ಅಟ್ಟದ ಹಂಡೆಯ ತೂಕ

ಸರೋಜ ಮೀನಿನ ಬುಟ್ಟಿ ಇಳಿಸಿ, ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದು, ಮಧ್ಯಾಹ್ನದ ಊಟಕ್ಕೆ ಕೂತಳೆಂದರೆ ಕೋಟೇಶ್ವರದ ಹತ್ತು ಹದಿನೈದು ಮನೆಗಳು ಅವಳ ಹಿಂದೆಯೇ ಬಂದು ಪಂಕ್ತಿಯಲ್ಲಿ ಕೂತ ಹಾಗೆ. ಯಾರ ಸೊಸೆಗೆ ಏಳು ತಿಂಗಳು, ಯಾರ ನಾಯಿ ಎಷ್ಟು ಮರಿ ಹಾಕಿತು, ಯಾರು ಗ್ರೈಂಡರ್ ತಂದು ಕಡೆಯುವ ಕಲ್ಲನ್ನು ಹಿತ್ತಲಿಗೆ ದೂಡಿದರು, ಎಲ್ಲ ಒಂದೊಂದಾಗಿ ಅನ್ನದ ಜೊತೆ ಹೊರಗೆ ಬರುತ್ತಿತ್ತು. ಗಂಡ ಮುತ್ತ ಮೊದಲು ದೋಣಿಗೆ ಹೋಗುತ್ತಿದ್ದವನು, ಮೊಣಕಾಲು ಕೆಟ್ಟ ಮೇಲೆ ಬೀಜಾಡಿಯ ಈ ಮನೆಯ ಜಗಲಿಯಲ್ಲೇ ಬಲೆ ಸರಿಮಾಡಿಕೊಂಡು ಇರುವವನು. ಅವನಿಗೆ ಹೊರಗಿನ ಲೋಕವೆಂದರೆ ಹೆಂಡತಿಯ ಈ ಮಾತು. ನೈಟಿ ಹೊಲಿಯುವ ಸೊಸೆ ಶ್ರೀಲತಾಳಿಗೂ ಅಷ್ಟೆ.

ಆ ಮನೆಗಳಲ್ಲೆಲ್ಲ ಕುಸುಮಾವತಿಯಮ್ಮನ ಮನೆ ಅವಳಿಗೆ ಒಂದು ತೂಕ ಹೆಚ್ಚು. ಇಪ್ಪತ್ತೆಂಟು ವರ್ಷದ ವ್ಯವಹಾರ. ಕುಸುಮಮ್ಮ ಹಿಂಬಾಗಿಲಲ್ಲಿ ತಟ್ಟೆ ಇಟ್ಟು ದುಡ್ಡು ತರಲು ಒಳಗೆ ಹೋಗುವರು. ಅವರು ಬರುವಷ್ಟರಲ್ಲಿ ಸರೋಜ ಮೀನು ಎಣಿಸಿ ಹಾಕಿ, ಲೆಕ್ಕದ ಮೇಲೊಂದು ಮೀನು ಕೊಸರು ಇಟ್ಟು, ಬುಟ್ಟಿಗೆ ಸೊಪ್ಪು ಮುಚ್ಚಿರುವಳು. ಎಷ್ಟು ಹಾಕಿದಳೆಂದು ಕುಸುಮಮ್ಮ ಒಂದು ದಿನವೂ ಬಗ್ಗಿ ನೋಡಿದವರಲ್ಲ.

ದಸರಾ ರಜೆಯ ಒಂದು ಮಧ್ಯಾಹ್ನ. ಮೊಮ್ಮಗಳು ಸೌಜನ್ಯಾಳೂ ಊಟಕ್ಕೆ ಇದ್ದಳು. ಮಗ ಸುಧೀರ್ ಅನ್ನಕ್ಕೆ ಒಣ ಚಟ್ಲಿ ಸಿಗಡಿಯ ಚಟ್ನಿ ಕಲಸುತ್ತ ತನ್ನ ಹೊಸ ಕೆಲಸದ ಸುದ್ದಿ ಹೇಳುತ್ತಿದ್ದ. ಗೂಡ್ಸ್ ರಿಕ್ಷಾ ಬಿಟ್ಟು ಕುಂದಾಪುರದ ಗುಣಪಾಲನ ಗುಜರಿಗೆ ಸೇರಿ ಎಂಟು ತಿಂಗಳಾಗಿತ್ತು. ಗುಣಪಾಲ ಬರಿ ಗುಜರಿ ಕೊಳ್ಳುವವನಲ್ಲ. ಹಳೆಯ ಮನೆ, ಅಟ್ಟ, ಕೊಟ್ಟಿಗೆ ಪೂರ್ತಿ ಖಾಲಿ ಮಾಡಿಕೊಡುವವನು. ಮನೆ ನೋಡಿ ರೇಟು ಹೇಳುವುದು ಸುಧೀರನ ಪಾಲಿಗೆ ಬಂದ ಕೆಲಸ.

“ರೇಟ್ ಹೇಳುದಂದ್ರೆ ಸುಮ್ನೆ ಅಲ್ಲ ಮಗಳೆ,” ಎಂದ ಸೌಜನ್ಯಾಳಿಗೆ. “ಮೊದ್ಲ್ ಕಾಂಬುದ್ ದಾರಿ. ಟೆಂಪೋ ಅಂಗಳಕ್ ಬತ್ತಾ, ರೋಡಲ್ಲೇ ನಿಲ್ಕಾ? ಆಮೇಲ್ ಅಟ್ಟ. ಮೇಲಿಂದ ಇಳ್ಸುದಾರೆ ಇಬ್ರ್ ಜನ ಜಾಸ್ತಿ. ಮತ್ತೆ ಮಾರುದೆಷ್ಟ್, ಎಸುದೆಷ್ಟ್ ಅಂದೇಳಿ ಕಾಣ್ಕ್. ಎಸುಕೂ ಈಗ ದುಡ್ ಕೊಡ್ಕ್.”

“ಟೆಂಪೋ ತುಂಬತ್ತಾ ಇಲ್ಯಾ ಅಂದೇಳಿ ಹ್ಯಾಂಗ್ ಗೊತ್ತಾತ್ತ್ ಅಪ್ಪ?”

“ಕಣ್ಣಲ್ಲೇ ತುಂಬ್ಸುಕ್. ಕಾಲ್ ಟೆಂಪೋ, ಅರ್ಧ, ಪೂರ್ತಿ. ಅದ್ಕೊಂದ್ ರೇಟ್. ಅದ್ರಗೆ ತಾಮ್ರ, ಕಬ್ಣ ಎಲ್ಲ ಎಷ್ಟಾತ್ತ್ ಅಷ್ಟ್ ಕಳಿಯುದ್. ಉಳ್ದದ್ ಮನಿಯವ್ರ್ ಕೊಡುದ್.”

“ಅಂದ್ರೆ ಸಾಮಾನೂ ಅವ್ರದ್ದೇ, ದುಡ್ಡೂ ಅವ್ರದ್ದೇ!” ಎಂದ ಮುತ್ತ. “ಲಾಯ್ಕಿತ್ತ್ ಮಾರಾಯ ನಿಮ್ಮ್ ಉದ್ಯೋಗ.”

ಎಲ್ಲರೂ ನಕ್ಕರು. ಸರೋಜಳೂ ನಕ್ಕಳು. ಮಗನ ಕೆಲಸ ತನ್ನದರ ಹಾಗೆಯೇ ಇದೆಯೆಂದು ಅವಳಿಗೆ ಒಳಗೊಳಗೇ ಹೆಮ್ಮೆ. “ನಾನೂ ಹಂಗೇ ಅಲ್ದಾ? ಗಂಗೊಳ್ಳಿ ಬಂದ್ರದಲ್ ಗುಡ್ಡೆ ಕಂಡ್ ಕೂಡ್ಲೆ ಇಷ್ಟೇ ಬಂಗ್ಡೆ ಅಂದೇಳಿ ಹೇಳ್ತೆ. ಹತ್ ಮೀನ್ ಆಚಿಗಿಲ್ಲೆ, ಈಚಿಗಿಲ್ಲೆ.”

“ಅಮ್ಮ, ಕುಸುಮಮ್ಮನ ಮನಿ ಹಿಂದಿನ್ ಅಡ್ಗಿ ಕೋಣಿ ಒಡಿತ್ರ್ ಅಂದ್ಯಲೆ. ಅಟ್ಟದಲ್ ಎಂತೆಲ್ಲ ಇತ್ತ್?”

“ಅಯ್ಯೋ, ಇಲ್ದಿದ್ದೆಂತ ಕೇಣ್!” ಎಂದಳು ಸರೋಜ. ಹಿತ್ತಾಳೆ ಕಡಾಯಿ ಎರಡು, ಬೀಟೆಯ ಪೆಟ್ಟಿಗೆ, ಹತ್ತಿಯ ಹಾಸಿಗೆಗಳು, ಮುರಿದ ತೊಟ್ಟಿಲು. ಎಲ್ಲಕ್ಕಿಂತ ದೊಡ್ಡದು ತಾಮ್ರದ ಹಂಡೆ. ಆ ಮನೆಯ ಮಗಳ ಮದುವೆ ಮುಗಿದ ಮರುದಿನ ಅಡುಗೆಯ ಚಪ್ಪರದಿಂದ ಅಟ್ಟದ ಏಣಿಯವರೆಗೆ ಅದನ್ನು ಹೊತ್ತು ತಂದವಳು ಅವಳೇ. ಹೊತ್ತ ಭಾರ ಅವಳ ಕುತ್ತಿಗೆಗೆ ಈಗಲೂ ನೆನಪಿತ್ತು. ಸುಧೀರ್ ತಲೆ ಬಗ್ಗಿಸಿ ಉಣ್ಣುತ್ತಲೇ ಎಲ್ಲ ಕೇಳಿದ. ಮಗ ತನ್ನ ಮಾತನ್ನು ಇಷ್ಟು ಮನಸ್ಸಿಟ್ಟು ಕೇಳಿ ಎಷ್ಟು ವರ್ಷವಾಯಿತೆಂದು ಅವಳು ಅವನ ಬಟ್ಟಲಿಗೆ ಇನ್ನೊಂದು ತುಂಡು ಮೀನು ಹಾಕಿದಳು.

ಮರುವಾರ ಸುಧೀರ್ ಆ ಮನೆಗೆ ಹೋಗುವಾಗ ತಾಯಿಯನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡ. “ನೀ ಬಂದ್ರೆ ಅವ್ರಿಗೊಂದ್ ಧೈರ್ಯ ಅಮ್ಮ.”

ಕುಸುಮಮ್ಮನಿಗೆ ಏಣಿ ಹತ್ತಲಾಗದು. ಯಜಮಾನರು ಮಂಜಯ್ಯನವರು ಎಂಬತ್ತು ದಾಟಿದವರು. ಸೊಸೆ ಪ್ರಣೀತಾ ಬ್ಯಾಂಕಿಗೆ ಹೋಗಿದ್ದಳು. ಸುಧೀರ್ ಟಾರ್ಚು ಹಿಡಿದು ಅಟ್ಟಕ್ಕೆ ಹತ್ತಿ, ಇಳಿದು, ಅಂಗಳ ದಾಟಿ ಗೇಟಿನ ಹತ್ತಿರ ನಿಂತು ಚೀಟಿ ಬರೆದ. ಸಾಮಾನಿನ ಎದುರು ನಿಂತು ರೇಟು ಹೇಳಬಾರದು, ಗೇಟಿನಲ್ಲಿ ಹೇಳಬೇಕು ಎನ್ನುವುದು ಗುಣಪಾಲ ಕಲಿಸಿದ ಪಾಠ.

“ಎರಡ್ ಟೆಂಪೋ ಆತ್ತ್ ಅಮ್ಮ. ಅಟ್ಟದಿಂದ ಇಳ್ಸು ಕೂಲಿ ಬೇರೆ. ಎಲ್ಲ ಸೇರಿ ಹತ್ ಸಾವ್ರದೈನೂರ್. ತಾಮ್ರ, ಹಿತ್ತಾಳೆ ಎಲ್ಲ ಕಳ್ದ್ ನೀವ್ ಏಳ್ ಸಾವ್ರ ಕೊಟ್ರೆ ಸಾಕ್.”

“ಹಂಡಿಗೆ ಎಷ್ಟ್ ಹಿಡ್ದೆ?”

“ಹಂಡಿ ತಳ ಹೋಯ್ತ್ ಅಮ್ಮ, ತೂತ್ ಬಿದ್ದಿತ್ತ್. ತೆಳು ಆಯ್ತ್. ಆರ್ ಕೇಜಿ ಬಂದ್ರೆ ಹೆಚ್ಚ್.” ಇದನ್ನು ಅವನು ಸಣ್ಣ ದನಿಯಲ್ಲಿ ಹೇಳಿದ. ಸರೋಜ ಆಗ ಬಾವಿಕಟ್ಟೆಯಲ್ಲಿ ಚೆಂಬು ತೊಳೆಯುತ್ತಿದ್ದಳು. ಅವಳು ಬರುವಷ್ಟರಲ್ಲಿ ಕುಸುಮಮ್ಮ ಚೀಟಿ ಹಿಡಿದು ಅನುಮಾನಿಸುತ್ತಿದ್ದರು.

“ಎಂತ ಹೇಳ್ತೆ ಸರೋಜ? ಏಳ್ ಸಾವ್ರ ಹೆಚ್ಚಾಯ್ಲಿಲ್ಯಾ?”

“ನನ್ ಮಗ ಅಮ್ಮ. ನಿಮ್ಮತ್ರ ಹೆಚ್ಚ್ ತಕಂಬುಕೆ ನಾನ್ ಬಿಡುದಿಲ್ಲೆ.”

“ನೀ ಹೇಳ್ದ್ ಮೇಲೆ ಆಯ್ತ್,” ಎಂದು ಕುಸುಮಮ್ಮ ಚೀಟಿ ಮಡಚಿದರು.

ಎರಡು ದಿನ ಬಿಟ್ಟು ಟೆಂಪೋ ಬಂತು. ಸರೋಜ ಅಂದೂ ಅಲ್ಲಿದ್ದಳು. ಕುಸುಮಮ್ಮ ಕೊಟ್ಟ ಕಾಫಿ ಕುಡಿಯುತ್ತ ಸಾಮಾನು ಇಳಿಯುವುದನ್ನು ಮೆಟ್ಟಿಲಿನಿಂದಲೇ ನೋಡಿದಳು. ಸುರುಳಿ ಸುತ್ತಿ ಹಗ್ಗ ಕಟ್ಟಿದ ಒಂದು ಹತ್ತಿಯ ಹಾಸಿಗೆಯನ್ನು ಇಬ್ಬರು ಗಟ್ಟಿ ಆಳುಗಳು ಉಸಿರು ಬಿಡುತ್ತ ಇಳಿಸಿದರು. ಹತ್ತಿ ತಂಡಿ ಹಿಡಿದಿರಬೇಕು ಎಂದುಕೊಂಡಳು.

ಆ ತಿಂಗಳು ಮನೆಯಲ್ಲಿ ಕೈ ಸ್ವಲ್ಪ ಸಡಿಲವಾಯಿತು. ಮುತ್ತನ ಮೊಣಕಾಲಿಗೆ ಎಷ್ಟೋ ದಿನದಿಂದ ಬಾಕಿಯಿದ್ದ ಇಂಜೆಕ್ಷನ್ ಹಾಕಿಸಿದರು. ಶ್ರೀಲತಾಳ ಹೊಲಿಗೆ ಯಂತ್ರಕ್ಕೆ ಮೋಟಾರು ಬಂತು. ಸರೋಜ ಕುಸುಮಮ್ಮನ ಕೇರಿಯ ಸುಗುಣಕ್ಕನಿಗೂ ಉಮಾನಾಥರಿಗೂ ತಾನಾಗಿಯೇ ಹೇಳಿದಳು: “ಅಟ್ಟ ಖಾಲಿ ಮಾಡುದಿದ್ರೆ ನನ್ ಮಗ ಇದ್ದ. ಕುಸುಮಮ್ಮನತ್ರ ಕೇಣಿ ಬೇಕಾರೆ.” ಇಬ್ಬರೂ ಸುಧೀರನನ್ನು ಕರೆಸಿದರು.

ದೀಪಾವಳಿ ಕಳೆಯಿತು. ಹಬ್ಬ ಕಳೆದ ಮೊದಲ ಬುಧವಾರ ಸರೋಜ ಹಿಂಬಾಗಿಲಲ್ಲಿ ನಿಂತು, “ಹ್ವಾಯ್ ಅಮ್ಮ, ಒಳ್ಳೆ ಬಂಗ್ಡೆ ಇತ್ತ್,” ಎಂದು ಕೂಗಿದರೆ ಕುಸುಮಮ್ಮ ಒಳಗಿನಿಂದಲೇ, “ಇವತ್ ಬ್ಯಾಡ ಸರೋಜ,” ಎಂದರು. ಹಬ್ಬದ ಸಾಮಾನು ಉಳಿದಿರಬೇಕು. ಶುಕ್ರವಾರವೂ ಬೇಡ. ಭಾನುವಾರವೂ ಬೇಡ. ಮುಂದಿನ ವಾರ ಸುಗುಣಕ್ಕ ಬಾಗಿಲಿಗೇ ಬರಲಿಲ್ಲ. ಉಮಾನಾಥರ ಹೆಂಡತಿ, “ನಾವ್ ಮೀನ್ ಕಮ್ಮಿ ಮಾಡಿತ್ತ್,” ಎಂದು ಬೇರೆ ಕಡೆ ನೋಡಿಕೊಂಡು ಹೇಳಿದಳು.

“ಈಗ ಎಲ್ಲ ಸ್ಕೂಟರಲ್ ಬಪ್ಪವರತ್ರ ತಕಂತ್ರ್ ಅಮ್ಮ,” ಎಂದ ಸುಧೀರ್, ಊಟದ ಹೊತ್ತಿನಲ್ಲಿ. “ಫೋನ್ ಮಾಡ್ರೆ ಕೊಯ್ದ್, ತೊಳ್ದ್ ತಂದ್ ಕೊಡ್ತ್ರ್. ನಿನ್ ಬುಟ್ಟಿ ಇನ್ನೆಷ್ಟ್ ದಿನ?”

“ಇಪ್ಪತ್ತೆಂಟ್ ವರ್ಷ ಮಗ.”

“ವರ್ಷ ತಕಂಡ್ ಸಾರ್ ಮಾಡುಕಾತ್ತಾ?”

ಮೂರನೆಯ ವಾರ “ಬ್ಯಾಡ” ಕೇಳಿ ಹಿಂತಿರುಗುವಾಗ ಸರೋಜಳ ಕಣ್ಣಿಗೆ ಕುಸುಮಮ್ಮನ ಬೆಕ್ಕು ಬಿತ್ತು. ಅದು ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಬಂಗುಡೆಯ ತಲೆ ಕಚ್ಚಿಕೊಂಡು ಕೂತಿತ್ತು. ಹಸಿ ತಲೆ. ಸರೋಜ ಬುಟ್ಟಿ ಇಳಿಸದೆ ಹಾಗೆಯೇ ನಿಂತಳು. ಬಟ್ಟೆ ಒಣಗಿಸಲು ಬಂದ ಪ್ರಣೀತಾ ಅವಳನ್ನು ನೋಡಿಯೂ ನೋಡದ ಹಾಗೆ ಹೊರಟಳು.

“ಸಣ್ಣಮ್ಮ,” ಎಂದಳು ಸರೋಜ. “ನಂದೆಂತ ತಪ್ಪಾಯ್ತ್ ಅಂದೇಳಿ ಹೇಳ್ಬಿಡಿ. ಮೀನ್ ತಕಣದಿದ್ರೆ ಬ್ಯಾಡ.”

ಪ್ರಣೀತಾ ಬಟ್ಟೆಯ ಬಕೆಟ್ಟು ಕೆಳಗಿಟ್ಟಳು. “ನಿಮ್ಗೆ ಗೊತ್ತಿಲ್ಯಾ, ನಿಜವಾಯ್ಲೂ?”

“ದೇವ್ರಾಣೆ ಗೊತ್ತಿಲ್ಲೆ.”

“ದೀಪಾವಳಿಗೆ ಹಂಡಿಗ್ ನೀರ್ ತುಂಬ್ಸು ಕ್ರಮ ಇತ್ತಲೆ. ನಾವ್ ಪ್ರತಿ ವರ್ಷ ಆ ಹಬ್ಬಕ್ಕೆ ಅಟ್ಟದ ಹಂಡಿ ಇಳ್ಸುದ್. ಈ ಸರ್ತಿ ಸ್ಟೀಲಿನ ಪಾತ್ರಕ್ಕೆ ನೀರ್ ತುಂಬ್ಸುವತಿಗೆ ಮಾವಯ್ಯ ಕೇಂಡ್ರ್, ಹಂಡಿ ಎಂತಾಯ್ತ್ ಅಂದೇಳಿ. ತೂತ್ ಬಿದ್ದಿತ್ತಂಬ್ರ್, ಗುಜರಿಗ್ ಹಾಕ್ತ್ ಅಂದ್ರ್ ಅತ್ತೆ. ಮಾವಯ್ಯ ಹೇಳ್ರ್, ಹೋದ್ ವರ್ಷ ನಾನೇ ಮೂರ್ ದಿನ ಅದ್ರಗೆ ಸ್ನಾನ ಮಾಡಿದ್ದೆ, ಒಂದ್ ಹನಿ ಸೋರ್ಲಿಲ್ಲೆ ಅಂದೇಳಿ.” ಪ್ರಣೀತಾ ಸೆರಗಿನಲ್ಲಿ ಕೈ ಒರೆಸಿಕೊಂಡಳು. “ಆರ್ ಕೇಜಿ ಅಂಬ್ರ್, ಆ ಹಂಡಿ. ಅತ್ತೆ ಯಾರತ್ರವೂ ಹೇಳ್ಲಿಲ್ಲೆ. ಸುಗುಣಕ್ಕನೇ ಬಂದ್ ಕೇಂಡದ್, ನಿಮ್ಮ್ ಹಂಡಿಗೂ ತೂತ್ ಬಿದ್ದಿತ್ತಾ ಅಂದೇಳಿ.”

ಸರೋಜಳ ಕೈ ಕುತ್ತಿಗೆಗೆ ಹೋಯಿತು. ಮೂವತ್ತು ವರ್ಷ ಮೀನು ಹೊತ್ತ ಕುತ್ತಿಗೆಯದು. ಬುಟ್ಟಿಯಲ್ಲಿ ಎಷ್ಟು ಕಿಲೋ ಇದೆಯೆಂದು ತಕ್ಕಡಿಗಿಂತ ಮೊದಲು ಅದು ಹೇಳುತ್ತಿತ್ತು. ಮದುವೆಯ ಮರುದಿನದ ಆ ಹಂಡೆ ಆರು ಕಿಲೋ ಅಲ್ಲ. ಸಿಂಬೆ ಇಟ್ಟಿದ್ದರೂ ನೆತ್ತಿ ಎರಡು ದಿನ ನೊಂದಿತ್ತು. ಹಗ್ಗ ಕಟ್ಟಿದ ಹಾಸಿಗೆ ನೆನಪಾಯಿತು. ಅದನ್ನು ಇಳಿಸಿದ ಇಬ್ಬರು ಆಳುಗಳೂ ನೆನಪಾದರು.

ಭಾನುವಾರ ಬೆಳಿಗ್ಗೆ ಸುಧೀರ್ ಸ್ನಾನಕ್ಕೆ ಹೋದಾಗ ಅವನ ಫೋನು ಕಿಟಕಿಯ ದಂಡೆಯ ಮೇಲಿತ್ತು. ಸರೋಜ ಸೌಜನ್ಯಾಳನ್ನು ಕರೆದಳು.

“ನಿನ್ನಪ್ಪ ಮನಿಮನಿ ಲೆಕ್ಕ ಇದ್ರಗೆ ಬರ್ಕಂತಾ ಅಂದಿದ್ಯಲೆ. ಕುಸುಮಮ್ಮನ ಮನಿದ್ ಓದ್ ಕಾಂಬ.”

ಹುಡುಗಿಗೆ ಅದು ಆಟ. ಬೆರಳಾಡಿಸಿ ಹುಡುಕಿದಳು. “ಸಿಕ್ತ್ ಅಜ್ಜಿ. ‘ಅಮ್ಮನ ಮನೆಗಳು’ ಅಂದೇಳಿ ಇತ್ತ್. ಹನ್ನೊಂದ್ ಮನಿ! ಓದ್ತೆ, ಕೇಣಿ. ‘ಕುಸುಮಮ್ಮ. ಅಟ್ಟದಲ್ಲಿ ತಾಮ್ರದ ಹಂಡೆ, ದೊಡ್ಡದು. ಹಿತ್ತಾಳೆ ಕಡಾಯಿ ಎರಡು. ಬೀಟೆ ಪೆಟ್ಟಿಗೆ. ಮೇಲೆ ಹತ್ತಿ ನೋಡುವವರಿಲ್ಲ. ಸೊಸೆ ಬ್ಯಾಂಕಿಗೆ ಹೋದ ಮೇಲೆ ಹೋಗುವುದು. ಅಮ್ಮನನ್ನು ಕರೆದುಕೊಂಡು ಹೋಗಬೇಕು.’”

ಕೊನೆಯ ಸಾಲು ಓದಿ ಹುಡುಗಿ ತಲೆ ಎತ್ತಿದಳು. “ಅಜ್ಜಿ, ಇದೆಲ್ಲ ನೀವ್ ಉಂಬತಿಗೆ ಹೇಳಿದ್ದಲ್ದಾ?”

“ಹೌದ್,” ಎಂದಳು ಸರೋಜ. “ನಾನೇ ಹೇಳಿದ್ದ್.”

ಮಧ್ಯಾಹ್ನ ಅನ್ನ ಬಡಿಸಿದ ಮೇಲೆ ಅವಳು ತನ್ನ ಬಟ್ಟಲು ಇಟ್ಟುಕೊಳ್ಳಲಿಲ್ಲ.

“ಹಂಡಿ ಎಷ್ಟ್ ಕೇಜಿ ಇದ್ದಿತ್ತ್ ಸುಧೀರ?”

ತುತ್ತು ಅರ್ಧದಲ್ಲೇ ನಿಂತಿತು. “ಯಾವ್ ಹಂಡಿ?”

“ಹಾಸ್ಗಿ ಒಳಗ್ ಸುತ್ತಿದ್ದ್.”

ಶ್ರೀಲತಾ ಗಂಡನ ಮುಖ ನೋಡಿದಳು. ಸುಧೀರ್ ಕೈ ಕೊಡವಿದ. “ನಾನೆಂತ ಕದ್ದನಾ? ರೇಟ್ ಹೇಳ್ದೆ, ಅವ್ರ್ ಒಪ್ರ್, ಚೀಟಿ ಕೊಟ್ಟಿದ್ದೆ. ಗುಣಪಾಲಣ್ಣ ಸಂಬ್ಳ ಅಂದೇಳಿ ಕೊಡುದ್ ಹನ್ನೆರಡ್ ಸಾವ್ರ. ತಾಮ್ರ, ಹಿತ್ತಾಳಿಯಲ್ ಎಷ್ಟ್ ಉಳ್ಸಿ ಕೊಡ್ತೆ, ಅದ್ರಗೆ ಮೂರಗೊಂದ್ ಪಾಲ್ ನಂದ್. ಈ ಕಸ್ಬೇ ಹಿಂಗೆ. ಕಮ್ಮಿ ತೂಕ ಹೇಳ್ದೆ ಇದ್ರೆ ಟೆಂಪೋ ಡೀಸೆಲ್ಲೂ ಹುಟ್ಟುದಿಲ್ಲೆ.”

“ತೂತ್ ಇದ್ದಿತ್ತಾ?”

“ನೀನ್ ನಿನ್ನೆ ಮೀನ್ ಇವತ್ತಿಂದ್ ಅಂದೇಳಿ ಮಾರುದಿಲ್ಯಾ? ದೊಡ್ಡ ಸತ್ಯಸಂಧಿ!”

“ಐಸಿನ ಮೀನಾರೆ ಐಸಿಂದ್ ಅಂದೇಳಿಯೇ ಮಾರಿದ್ದೆ. ಆ ಕೇರಿಗ್ ಹೋಯಿ ಕೇಣ್.”

“ಮತ್ತೆ ಅಪ್ಪನ ಇಂಜೆಕ್ಷನ್ ದುಡ್ ಎಲ್ಲಿಂದ ಬಂತ್ ಅಂದೇಳಿ ಒಂದಿನ ಕೇಂಡ್ಯಾ ನೀನ್?”

ಸರೋಜ ಗಂಡನ ಕಡೆ ತಿರುಗಿದಳು. ಮುತ್ತ ಅನ್ನದಲ್ಲಿ ಗೆರೆ ಎಳೆಯುತ್ತಿದ್ದ.

“ನಿಮ್ಗ್ ಗೊತ್ತಿದ್ದಿತ್ತಾ?”

“ಪೂರ್ತಿ ಗೊತ್ತಿರ್ಲಿಲ್ಲೆ ಮಾರಾಯ್ತಿ.”

“ಅರ್ಧ ಗೊತ್ತಿದ್ದಿತ್ತ್.”

ಮುತ್ತ ಮೊಣಕಾಲಿನ ಮೇಲಿದ್ದ ಎಡಗೈಯನ್ನು ಮೆಲ್ಲಗೆ ತೆಗೆದ.

“ಅತ್ತೆ, ಹುಡ್ಗಿ ಕೇಂತಾ ಇತ್ತ್,” ಎಂದಳು ಶ್ರೀಲತಾ.

“ಕೇಣ್ಲಿ. ಲೆಕ್ಕ ಓದಿದ್ ಅದೇ.” ಸರೋಜಳ ದನಿ ಏರಲಿಲ್ಲ. ಮಗನಿಗೆ ಜ್ವರ ಬಂದಾಗ ಗಂಜಿ ಕುಡಿಸುತ್ತಿದ್ದ ದನಿಯೇ ಅದು. “ಕಮ್ಮಿ ತೂಕ ಹೇಳು ಕಸ್ಬಾದ್ರೆ ನೀನೇ ಹೇಳಿ ನೀನೇ ಮಾಡ್ಕಂಬುದಾಯ್ತ್ ಮಗ. ನೀ ಹಾಂಗ್ ಮಾಡ್ಲಿಲ್ಲೆ. ನನ್ನನ್ ಅವ್ರ್ ಅಂಗಳದಲ್ ನಿಲ್ಸಿ ನನ್ ಬಾಯಲ್ ಹೇಳ್ಸ್ದೆ.”

ಸುಧೀರ್ ಅರ್ಧ ಊಟದಲ್ಲಿ ಎದ್ದು ಕೈ ತೊಳೆದ. ಸ್ಕೂಟರಿನ ಸದ್ದು ರಸ್ತೆಗೆ ಹೋಯಿತು.

ಸೋಮವಾರ ಕೇರಿಯಲ್ಲಿ ಹೆಚ್ಚಿನವರು ಮೀನು ತಿನ್ನುವುದಿಲ್ಲ. ಸರೋಜ ಬುಟ್ಟಿ ಮನೆಯಲ್ಲೇ ಬಿಟ್ಟು ಬರಿ ಸಿಂಬೆ ಹಿಡಿದು ಬಸ್ಸು ಹತ್ತಿದಳು. ಗುಣಪಾಲನ ಗುಜರಿ ಹೆದ್ದಾರಿಯ ಬದಿಯಲ್ಲಿತ್ತು. ತಗಡಿನ ಬೇಲಿಯೊಳಗೆ ಮುರಿದ ಫ್ರಿಜ್ಜು, ಕಬ್ಬಿಣದ ಕಪಾಟು, ಕಮೋಡುಗಳ ನಡುವೆ ಅವನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ.

“ಹ್ವಾಯ್, ಸುಧೀರನ ಅಮ್ಮ ಅಲ್ದಾ? ಮೀನೆಲ್ಲಿ?”

“ಮೀನ್ ತರ್ಲಿಲ್ಲೆ. ಕೋಟೇಶ್ವರದ ಹಂಡಿ ತಕಂಡ್ ಹೋಪುಕ್ ಬಂದದ್.”

ಹಂಡೆ ಒಳಗಿನ ಕೋಣೆಯಲ್ಲಿತ್ತು. ಹುಣಸೆಹುಳಿ ಹಾಕಿ ಉಜ್ಜಿ ಫಳಫಳ ಮಾಡಿದ್ದರು. ಕೊಲ್ಲೂರಿನ ಒಂದು ಲಾಡ್ಜಿನವರು ಬಾಗಿಲ ಮುಂದೆ ಹೂ ತೇಲಿಬಿಡಲು ಕೇಳಿದ್ದಾರೆಂದು ಗುಣಪಾಲ ಹೇಳಿದ. ಕಡಾಯಿಗಳೂ ಪೆಟ್ಟಿಗೆಯೂ ಆಗಲೇ ಹೋಗಿದ್ದವು. ಸರೋಜ ತಳಕ್ಕೆ ಕೈಯಾಡಿಸಿದಳು. “ತೂತೆಲ್ಲಿತ್ತ್?”

“ಎಂತ ತೂತ್?”

ಅವನಿಗೆ ಆ ಸುಳ್ಳು ಗೊತ್ತೇ ಇರಲಿಲ್ಲ. ಅದು ಮಗನ ಸ್ವಂತದ್ದು.

“ತಕ್ಕಡಿಗ್ ಇಡಿ. ಹದ್ನೇಳ್ ಕೇಜಿ ಇತ್ತ್.”

ಗುಣಪಾಲ ತಮಾಷೆಗೆಂದು ಆಳುಗಳಿಂದ ಎತ್ತಿಸಿ ಇಡಿಸಿದ. ಕೆಂಪು ಅಂಕಿ ಅತ್ತಿತ್ತ ಓಡಿ ಹದಿನೇಳೂ ಚಿಲ್ಲರೆಯಲ್ಲಿ ನಿಂತಿತು. ಅವನ ನಗು ಕಮ್ಮಿಯಾಯಿತು.

“ಅಮ್ಮ, ಸುಧೀರನ್ ಬಿಟ್ಟ್ ನಿಮ್ಮನ್ನೇ ಕೆಲ್ಸಕ್ ಇಟ್ಕಣ್ಕ್ ಕಾಣಿ. ಆರೆ ಚೀಟಿ ಪ್ರಕಾರ ಹಂಡಿ ನಂದ್.”

“ಚೀಟಿಯಲ್ ಆರ್ ಕೇಜಿ ಹಂಡಿ ಇತ್ತ್, ಸುಧೀರ ಹೇಳ್ದಾಂಗೆ ತೂತ್ ಬಿದ್ದದ್. ಅದ್ ನೀವೇ ಇಟ್ಕಣಿ. ಇದ್ ಬೇರೆ ಹಂಡಿ.” ಸರೋಜ ಸಿಂಬೆ ಸುತ್ತಿ ನೆತ್ತಿಯ ಮೇಲಿಟ್ಟಳು. “ನಾನ್ ದಿನಕ್ ಮೂವತ್ ಮನಿ ಬಾಗ್ಲಲ್ ನಿಲ್ತೆ ಗುಣಪಾಲಣ್ಣ. ನಿಮ್ಮ್ ತಕ್ಕಡಿ ಎಷ್ಟ್ ತೋರ್ಸತ್ತ್, ಚೀಟಿ ಎಷ್ಟ್ ತೋರ್ಸತ್ತ್ ಅಂದೇಳಿ ಹೇಳುಕ್ ನಂಗೆ ಒಂದ್ ವಾರ ಸಾಕ್.”

ಗುಣಪಾಲ ಗಡ್ಡ ತುರಿಸಿಕೊಂಡ. “ಇದ್ರ ದುಡ್ ಸುಧೀರನ ಸಂಬ್ಳದಲ್ ಹಿಡಿತೆ, ಗೊತ್ತಾಯ್ತಲೆ?”

“ಹಿಡ್ಕಣಿ.”

ಬಸ್ಸಿನ ಕಂಡಕ್ಟರ್, “ಹಂಡಿಗ್ ಅರ್ಧ ಟಿಕೇಟಾ ಅಮ್ಮ?” ಎಂದು ನಕ್ಕ. ಕೋಟೇಶ್ವರದಲ್ಲಿ ಇಳಿದು, ಇಬ್ಬರ ಕೈ ಹಿಡಿಸಿ ತಲೆಗೇರಿಸಿಕೊಂಡು, ನಡುಮಧ್ಯಾಹ್ನದ ಬಿಸಿಲಿನಲ್ಲಿ ಕೇರಿಯುದ್ದಕ್ಕೂ ನಡೆದಳು. ಸುಗುಣಕ್ಕ ಗೇಟಿಗೆ ಬಂದು ನೋಡಿದಳು. ಸರೋಜಳಿಗೆ ಬೇಕಿದ್ದದ್ದೂ ಅದೇ.

ಮಂಜಯ್ಯನವರು ಹಿಂಬಾಗಿಲಿಗೆ ಕೋಲೂರಿಕೊಂಡು ಬಂದು, ಚೆಂಬಿನಿಂದ ನೀರು ಹೊಯ್ದು, ತಳ ಮುಟ್ಟಿ ನೋಡಿ, “ಕಂಡ್ಯಾ? ಹನಿ ಇಲ್ಲೆ,” ಎಂದು ಹೆಂಡತಿಗೆ ಹೇಳಿ ಒಳಗೆ ಹೋದರು. ಕುಸುಮಮ್ಮ ಹಂಡೆಯ ಕಂಠದ ಮೇಲೆ ಕೈಯಿಟ್ಟು ನಿಂತಿದ್ದರು.

“ಕಡಾಯಿ, ಪೆಟ್ಗಿ ಹೋಯ್ತ್ ಅಮ್ಮ. ಅದ್ರದ್ದ್ ನಾನ್ ಮೀನಲ್ ತೀರ್ಸ್ತೆ. ನಾನ್ ಸುಳ್ ಹೇಳ್ದಾಂಗಾಯ್ತ್.”

“ನೀ ಸುಳ್ ಹೇಳ್ಲಿಲ್ಲೆ ಸರೋಜ. ನೀ ಹೇಳ್ದೆ ಅಂದೇಳಿ ನಾನ್ ಕಾಣ್ಲಿಲ್ಲೆ, ಅಷ್ಟೇ.” ಹಂಡೆಯಿಂದ ಕೈ ತೆಗೆದು ಅಂದರು, “ಮೀನಲ್ಲೆಲ್ಲ ತೀರ್ಸುದ್ ಬ್ಯಾಡ. ನಾಡಿದ್ದ್ ಬಂಗ್ಡೆ ತಕಂಡ್ ಬಾ. ದುಡ್ ಕೊಡ್ತೆ.”

ಮನೆಯಲ್ಲಿ ಸುಧೀರ್ ಮಾತು ಬಿಟ್ಟಿದ್ದ. ಮಧ್ಯಾಹ್ನ ಬಟ್ಟಲುಗಳ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಮುತ್ತ ಒಂದೆರಡು ಸಲ, “ಕೇರಿ ಬದಿ ಎಂತ ಸುದ್ದಿ?” ಎಂದು ಮೆಲ್ಲಗೆ ಕೇಳಿದ. “ಎಂತ ಇಲ್ಲೆ. ಉಣ್ಣಿ,” ಎಂದಳು ಸರೋಜ. ಮಗನ ಬಟ್ಟಲಿಗೆ ಮೀನಿನ ತುಂಡು ಹಾಕುವುದನ್ನು ಮಾತ್ರ ಅವಳು ಬಿಡಲಿಲ್ಲ. ಹಾಕುವಾಗ ಅವನ ಮುಖ ನೋಡುತ್ತಿರಲಿಲ್ಲ.

ಬುಧವಾರ ಬೆಳಕು ಹರಿಯುವ ಮೊದಲೇ ಗಂಗೊಳ್ಳಿಗೆ ಹೋಗಿ, ಹರಾಜಿನಲ್ಲಿ ನಿಂತು, ಕಣ್ಣು ಕೆಂಪಾಗದ, ಬೆನ್ನು ಹೊಳೆಯುವ ಬಂಗುಡೆಗಳನ್ನೇ ಆರಿಸಿದಳು. ಮೊದಲು ಹೋದದ್ದು ಕುಸುಮಮ್ಮನ ಹಿಂಬಾಗಿಲಿಗೆ.

“ಹ್ವಾಯ್, ಅಮ್ಮ!”

ಕುಸುಮಮ್ಮ ತಟ್ಟೆ ತಂದಿಟ್ಟರು. ದುಡ್ಡು ಆಗಲೇ ಅವರ ಕೈಯಲ್ಲಿತ್ತು. ಒಳಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ, ತಟ್ಟೆಗೆ ಹತ್ತಿರವಾ‌ಗಿ ಕೂತರು.

ಸರೋಜ ಒಂದು ಮೀನು ಹಾಕಿದಳು.

“ಒಂದ್,” ಎಂದರು ಕುಸುಮಮ್ಮ.

ಸರೋಜಳ ಕೈ ಬುಟ್ಟಿಯಲ್ಲೇ ಒಂದು ಗಳಿಗೆ ನಿಂತಿತು. ಆಮೇಲೆ ಎರಡನೆಯದನ್ನು ಹಾಕಿದಳು.

“ಎರಡ್. ಮೂರ್.” ದನಿಯಲ್ಲಿ ಸಿಟ್ಟಿರಲಿಲ್ಲ. ಮಗುವಿಗೆ ಮಗ್ಗಿ ಹೇಳಿಕೊಡುವ ಹಾಗಿತ್ತು. ಒಂದೊಂದು ಮೀನಿಗೂ ಅವರ ತೋರುಬೆರಳು ತಟ್ಟೆಯ ಅಂಚನ್ನು ಮುಟ್ಟಿ ಏಳುತ್ತಿತ್ತು. “ಒಂಬತ್. ಹತ್.”

ಸರೋಜ ಕೊಸರಿಗೆಂದು ಎಲ್ಲಕ್ಕಿಂತ ದೊಡ್ಡದೊಂದನ್ನು ತೆಗೆದು ಮೇಲಿಟ್ಟಳು.

ಕುಸುಮಮ್ಮ ಅದನ್ನು ಬಾಲ ಹಿಡಿದು ಎತ್ತಿ, ಮೆಲ್ಲಗೆ, ಬುಟ್ಟಿಗೆ ಹಿಂದಕ್ಕೆ ಹಾಕಿದರು.

“ಲೆಕ್ಕಕ್ಕ್ ಸರಿ ಇತ್ತ್ ಸರೋಜ,” ಎಂದರು. “ಸಾಕ್.”